ಕ್ರೈಸ್ತ ಸ್ತ್ರೀವಾದ

ಕ್ರೈಸ್ತ ಸ್ತ್ರೀವಾದವು ಸ್ತ್ರೀಪುರುಷರ ಸಮಾನತೆಯ ಪ್ರಶ್ನೆಯನ್ನು ಕ್ರೈಸ್ತ ಧರ್ಮಗ್ರಂಥ, ಸಂಪ್ರದಾಯ ಮತ್ತು ಸಭಾಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವ ಒಂದು ಚಿಂತನಾಧಾರೆ. ಸ್ತ್ರೀಯೂ ಪುರುಷನಂತೆಯೇ ದೇವರ ಸ್ವರೂಪದಲ್ಲಿ ಸೃಷ್ಟಿಯಾದವಳು ಎಂಬ ನಂಬಿಕೆ ಇದರ ತಳಹದಿ. ಇಂದು ಈ ನಂಬಿಕೆಯನ್ನು ಪ್ರಮುಖ ಕ್ರೈಸ್ತ ಪಂಥಗಳೆಲ್ಲವೂ ಒಪ್ಪುತ್ತವೆ. ಆದರೆ ಅದರಿಂದ ಸಭೆಯಲ್ಲಿ, ಕುಟುಂಬದಲ್ಲಿ ಮತ್ತು ಕಾನೂನಿನಲ್ಲಿ ಏನು ಫಲಿಸಬೇಕು ಎಂಬ ವಿಷಯದಲ್ಲಿ ತೀವ್ರ ಭಿನ್ನಾಭಿಪ್ರಾಯಗಳಿವೆ. ಸ್ತ್ರೀಯರ ಗುರುದೀಕ್ಷೆ, ವಿವಾಹದಲ್ಲಿ ಪತಿಪತ್ನಿಯರ ಸ್ಥಾನ, ಗರ್ಭನಿರೋಧ, ವಿಚ್ಛೇದನ, ಆಸ್ತಿಹಕ್ಕು ಹಾಗೂ ದೇವರನ್ನು ಕುರಿತ ಭಾಷೆ ಇವು ಚರ್ಚೆಯ ಮುಖ್ಯ ವಿಷಯಗಳು.

ಈ ಚರ್ಚೆಯಲ್ಲಿ ಪರಸ್ಪರ ವಿರೋಧಿಸುವ ಪಕ್ಷಗಳು ಬಹುಮಟ್ಟಿಗೆ ಒಂದೇ ಪಠ್ಯಗಳನ್ನು ಆಧಾರವಾಗಿಟ್ಟುಕೊಂಡಿವೆ. ಆದ್ದರಿಂದ ಆ ಪಠ್ಯಗಳು ಏನು ಹೇಳುತ್ತವೆ ಎಂಬುದರೊಂದಿಗೆ, ಅವುಗಳನ್ನು ಅನುವಾದಿಸುವ ಮತ್ತು ವ್ಯಾಖ್ಯಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯೂ ಕ್ರೈಸ್ತ ಸ್ತ್ರೀವಾದದ ಇತಿಹಾಸದುದ್ದಕ್ಕೂ ಮತ್ತೆ ಮತ್ತೆ ಎದುರಾಗಿದೆ.

ಪಾರಿಭಾಷಿಕ ಪದಗಳು

ಸ್ತ್ರೀವಾದಿ ಚಿಂತನೆಯಲ್ಲಿ ಲಿಂಗ ಮತ್ತು ಲಿಂಗತ್ವ ಎಂಬ ಎರಡು ಪರಿಕಲ್ಪನೆಗಳನ್ನು ಪ್ರತ್ಯೇಕಿಸಲಾಗುತ್ತದೆ. ಲಿಂಗವು ದೇಹರಚನೆಗೆ ಸಂಬಂಧಿಸಿದ್ದು. ಲಿಂಗತ್ವವು ಹೆಣ್ಣು ಅಥವಾ ಗಂಡು ಹೇಗಿರಬೇಕು, ಏನು ಮಾಡಬೇಕು ಎಂದು ಸಮಾಜವು ರೂಪಿಸಿದ ನಿರೀಕ್ಷೆಗಳಿಗೆ ಸಂಬಂಧಿಸಿದ್ದು. ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾರ್ 1949ರಲ್ಲಿ ಪ್ರಕಟಿಸಿದ ‘ದಿ ಸೆಕೆಂಡ್ ಸೆಕ್ಸ್’ ಎಂಬ ಕೃತಿಯು, ಸ್ತ್ರೀತ್ವವು ಹುಟ್ಟಿನಿಂದಲೇ ಸಿದ್ಧವಾಗಿ ಬರುವುದಲ್ಲ ಎಂಬ ವಿಚಾರವನ್ನು ವ್ಯಾಪಕವಾಗಿ ಪರಿಚಯಿಸಿತು. ಅಮೆರಿಕದ ಚಿಂತಕಿ ಜುಡಿತ್ ಬಟ್ಲರ್ ಅವರ ‘ಜೆಂಡರ್ ಟ್ರಬಲ್’ (1990) ಲಿಂಗ ಮತ್ತು ಲಿಂಗತ್ವದ ನಡುವಣ ಗೆರೆಯನ್ನೇ ಪ್ರಶ್ನಿಸಿತು.

ಸಾಂಪ್ರದಾಯಿಕ ಕ್ರೈಸ್ತ ಬೋಧನೆಯಲ್ಲಿ ಸ್ತ್ರೀಪುರುಷ ಭೇದವು ಸೃಷ್ಟಿಕ್ರಮದ ಭಾಗ ಮತ್ತು ದೈವಸಂಕಲ್ಪ. ಆದಕಾರಣ ಲಿಂಗತ್ವವು ಕೇವಲ ಸಾಮಾಜಿಕ ರಚನೆ ಎಂಬ ವಾದವನ್ನು ಹಲವು ಸಭೆಗಳು ಒಪ್ಪಿಲ್ಲ. ಕ್ಯಾಥೊಲಿಕ್ ಧರ್ಮಸಭೆಯ 2019ರ ಶೈಕ್ಷಣಿಕ ದಸ್ತಾವೇಜು ಮತ್ತು 2024ರ ‘ಡಿಗ್ನಿಟಾಸ್ ಇನ್ಫಿನಿಟಾ’ ಎಂಬ ಘೋಷಣೆ ಈ ವಾದವನ್ನು ನೇರವಾಗಿ ವಿಮರ್ಶಿಸಿವೆ. ಕ್ರೈಸ್ತ ಸ್ತ್ರೀವಾದಿಗಳಲ್ಲಿಯೂ ಈ ಬಗ್ಗೆ ಏಕಮತವಿಲ್ಲ. ದೇಹಭೇದವನ್ನು ದೇವರ ವರವೆಂದು ಒಪ್ಪಿ ಅದರ ಹೆಸರಿನಲ್ಲಿ ಬಂದ ಅಸಮಾನತೆಯನ್ನು ಮಾತ್ರ ತಿರಸ್ಕರಿಸುವವರು ಕೆಲವರು; ಭೇದದ ಪರಿಕಲ್ಪನೆಯನ್ನೇ ಮರುಪರಿಶೀಲಿಸಬೇಕೆನ್ನುವವರು ಇನ್ನು ಕೆಲವರು.

ಬೈಬಲ್ಲಿನ ಪಠ್ಯಗಳು ಮತ್ತು ವ್ಯಾಖ್ಯಾನ

ಸೃಷ್ಟಿಯ ಕಥನ

ಆದಿಕಾಂಡದಲ್ಲಿ ಮನುಷ್ಯಸೃಷ್ಟಿಯ ಎರಡು ಕಥನಗಳಿವೆ. ಮೊದಲನೆಯ ಅಧ್ಯಾಯದಲ್ಲಿ ಸ್ತ್ರೀಪುರುಷರಿಬ್ಬರೂ ಒಟ್ಟಿಗೇ ದೇವರ ಸ್ವರೂಪದಲ್ಲಿ ಸೃಷ್ಟಿಯಾಗುತ್ತಾರೆ. ಭೂಮಿಯ ಮೇಲಿನ ಒಡೆತನವೂ ಇಬ್ಬರಿಗೂ ದೊರೆಯುತ್ತದೆ. ಎರಡನೆಯ ಅಧ್ಯಾಯದಲ್ಲಿ ಮಣ್ಣಿನಿಂದ ಮನುಷ್ಯನೂ, ಅವನ ಪಕ್ಕೆಯ ಎಲುಬಿನಿಂದ ಸ್ತ್ರೀಯೂ ರೂಪುಗೊಳ್ಳುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಸರ್ಪದ ಮಾತಿಗೆ ಒಳಗಾಗಿ ಇಬ್ಬರೂ ನಿಷಿದ್ಧ ಫಲವನ್ನು ತಿನ್ನುತ್ತಾರೆ. ಪುರುಷನು ಸ್ತ್ರೀಯ ಮೇಲೆ ಅಧಿಕಾರ ನಡೆಸುವನೆಂಬ ಮಾತು ಬರುವುದು ಇದರ ಅನಂತರ.

ಪುರುಷನು ಮೊದಲು ಸೃಷ್ಟಿಯಾದದ್ದು ಮತ್ತು ಸ್ತ್ರೀಗೆ ಅವನೇ ಹೆಸರಿಟ್ಟದ್ದು ಅವನ ನಾಯಕತ್ವದ ಗುರುತು ಎಂಬುದು ಸಾಂಪ್ರದಾಯಿಕ ವ್ಯಾಖ್ಯಾನ. ಅಮೆರಿಕದ ಹಳೆಯ ಒಡಂಬಡಿಕೆಯ ವಿದ್ವಾಂಸೆ ಫಿಲಿಸ್ ಟ್ರಿಬಲ್ ಅವರು ‘ಗಾಡ್ ಅಂಡ್ ದಿ ರೆಟರಿಕ್ ಆಫ್ ಸೆಕ್ಷುಯಾಲಿಟಿ’ (1978) ಕೃತಿಯಲ್ಲಿ ಇದಕ್ಕೆ ಭಿನ್ನವಾದ ಓದನ್ನು ಮುಂದಿಟ್ಟರು. ಹೀಬ್ರೂ ಮೂಲದಲ್ಲಿ ‘ಆದಾಮ’ ಎಂಬುದು ನೆಲ ಎಂಬರ್ಥದ ‘ಅದಾಮಾ’ ಪದದೊಡನೆ ಸಂಬಂಧವುಳ್ಳದ್ದು. ಸ್ತ್ರೀಯ ಸೃಷ್ಟಿಯಾಗುವವರೆಗೆ ಅದು ಪುರುಷನನ್ನಲ್ಲ, ಲಿಂಗಭೇದವಿಲ್ಲದ ಮಣ್ಣಿನ ಜೀವಿಯನ್ನು ಸೂಚಿಸುತ್ತದೆ ಎಂದು ಅವರು ವಾದಿಸಿದರು. ಸ್ತ್ರೀಯನ್ನು ಕುರಿತು ಬಳಕೆಯಾದ ‘ಏಜೆರ್’, ಅಂದರೆ ಸಹಾಯ ಎಂಬ ಪದವು ಕೀರ್ತನೆಗಳಲ್ಲಿ ದೇವರಿಗೂ ಬಳಕೆಯಾಗಿದೆ. ಆದ್ದರಿಂದ ಅದು ಅಧೀನತೆಯ ಸೂಚಕವಾಗಲಾರದು. ಪುರುಷನ ಅಧಿಕಾರದ ಮಾತು ಅವಿಧೇಯತೆಯ ದುಷ್ಪರಿಣಾಮದ ವರ್ಣನೆಯೇ ಹೊರತು ದೇವರ ಆಜ್ಞೆಯಲ್ಲ ಎಂಬುದು ಈ ಓದಿನ ಸಾರ.

ಯೇಸು ಮತ್ತು ಆದಿಸಭೆಯ ಸ್ತ್ರೀಯರು

ಸುವಾರ್ತೆಗಳಲ್ಲಿ ಯೇಸು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿ ಧಾರ್ಮಿಕ ವಿಚಾರಗಳನ್ನು ಚರ್ಚಿಸುತ್ತಾನೆ. ಅವನ ಪಾದದ ಬಳಿ ಕುಳಿತು ಬೋಧನೆ ಕೇಳುವ ಮರಿಯಳ ಆಯ್ಕೆಯನ್ನು ಎತ್ತಿಹಿಡಿಯುತ್ತಾನೆ. ಯೊವಾನನ ಸುವಾರ್ತೆಯಂತೆ ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮೊದಲು ತಲುಪಿಸಿದವಳು ಮಗ್ದಲದ ಮರಿಯಳು. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಪೌಲನು ಫೊಯಿಬೆ, ಪ್ರಿಸ್ಕ ಮತ್ತು ಯೂನಿಯ ಎಂಬ ಸ್ತ್ರೀಯರನ್ನು ಹೆಸರಿಸುತ್ತಾನೆ. ಫೊಯಿಬೆಗೆ ಬಳಸಿದ ‘ದಿಯಾಕೊನೊಸ್’ ಎಂಬ ಗ್ರೀಕ್ ಪದವನ್ನು ಪೌಲನು ಇತರೆಡೆ ತನ್ನ ಸೇವೆಗೂ ಬಳಸುತ್ತಾನೆ.

ಯೂನಿಯಳ ಹೆಸರಿನ ಚರಿತ್ರೆ ವ್ಯಾಖ್ಯಾನದ ಪ್ರಭಾವಕ್ಕೆ ಒಂದು ನಿದರ್ಶನ. ಆಕೆಯೂ ಅವಳ ಜೊತೆಗಾರ ಆಂದ್ರೊನಿಕನೂ ಅಪೊಸ್ತಲರಲ್ಲಿ ಪ್ರಸಿದ್ಧರು ಎಂಬರ್ಥದ ಮಾತು ಅಲ್ಲಿದೆ. ನಾಲ್ಕನೆಯ ಶತಮಾನದ ಯೊವಾನ್ ಕ್ರಿಸೊಸ್ತೊಮ್ ಆಕೆಯನ್ನು ಸ್ತ್ರೀಯೆಂದೇ ತಿಳಿದು ಪ್ರಶಂಸಿಸಿದ್ದಾನೆ. ಆದರೆ ಮುಂದಿನ ಕಾಲದ ಹಲವು ಅನುವಾದಗಳು ಈ ಹೆಸರನ್ನು ‘ಯೂನಿಯಾಸ್’ ಎಂಬ ಪುಲ್ಲಿಂಗ ರೂಪಕ್ಕೆ ತಿರುಗಿಸಿದವು. ಈಚಿನ ಬಹುತೇಕ ವಿದ್ವಾಂಸರು ಅದು ಸ್ತ್ರೀಯ ಹೆಸರೆಂದು ಒಪ್ಪುತ್ತಾರೆ; ಅವಳು ಸ್ವತಃ ಅಪೊಸ್ತಲಳೋ ಅಪೊಸ್ತಲರಿಗೆ ಪರಿಚಿತಳೋ ಎಂಬ ವಿವಾದ ಉಳಿದಿದೆ.

ಪೌಲನ ಹೆಸರಿನ ಪತ್ರಿಕೆಗಳು

ಗಲಾತ್ಯದವರಿಗೆ ಬರೆದ ಪತ್ರಿಕೆಯು (3:28) ಕ್ರಿಸ್ತನಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದಗಳಿಲ್ಲವೆಂದು ಸಾರುತ್ತದೆ. ಇದು ಸಮಾನತಾವಾದಿಗಳ ಮುಖ್ಯ ಆಧಾರ. ಇನ್ನೊಂದೆಡೆ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯು (14:34-35) ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆನ್ನುತ್ತದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯು (2:11-15) ಸ್ತ್ರೀಯು ಬೋಧಿಸುವುದನ್ನೂ ಪುರುಷನ ಮೇಲೆ ಅಧಿಕಾರ ನಡೆಸುವುದನ್ನೂ ನಿಷೇಧಿಸುತ್ತದೆ.

ಕೊರಿಂಥದ ಅದೇ ಪತ್ರಿಕೆಯ 11ನೆಯ ಅಧ್ಯಾಯವು ಸ್ತ್ರೀಯರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಸಹಜವೆಂದು ಭಾವಿಸಿ, ತಲೆಗೆ ಮುಸುಕು ಹಾಕುವ ಬಗ್ಗೆ ಮಾತ್ರ ನಿಯಮ ಹೇಳುತ್ತದೆ. 14ನೆಯ ಅಧ್ಯಾಯದ ಮೌನದ ವಾಕ್ಯಗಳು ಕೆಲವು ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಯಲ್ಲಿ ಕಂಡುಬರುವುದರಿಂದ ಅವು ಅನಂತರದ ಸೇರ್ಪಡೆಯಿರಬಹುದೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ತಿಮೊಥೆಯನ ಪತ್ರಿಕೆಯಲ್ಲಿ ಅಧಿಕಾರ ಎಂಬರ್ಥದಲ್ಲಿ ಬರುವ ಗ್ರೀಕ್ ಕ್ರಿಯಾಪದವು ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿಯೂ ಬಳಕೆಯಾಗಿಲ್ಲವಾದ್ದರಿಂದ ಅದರ ನಿಖರ ಅರ್ಥವೂ ಚರ್ಚಾಸ್ಪದ. ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪತಿಯನ್ನು ಪತ್ನಿಯ ಶಿರಸ್ಸು ಎಂದು ಕರೆಯಲಾಗಿದೆ. ಇಲ್ಲಿನ ‘ಕೆಫಾಲೆ’ ಎಂಬ ಪದವು ಒಡೆತನವನ್ನು ಸೂಚಿಸುತ್ತದೆಯೇ ಮೂಲವನ್ನು ಸೂಚಿಸುತ್ತದೆಯೇ ಎಂಬ ಬಗ್ಗೆ ದೀರ್ಘ ವಾದಗಳು ನಡೆದಿವೆ. ಈ ಭಾಗವು ಪರಸ್ಪರ ಅಧೀನತೆಯ ಕರೆಯಿಂದಲೇ ಆರಂಭವಾಗುತ್ತದೆಂದು ಸಮಾನತಾವಾದಿಗಳು ನೆನಪಿಸುತ್ತಾರೆ.

ಐತಿಹಾಸಿಕ ಬೆಳವಣಿಗೆ

ಸಭಾಪಿತೃಗಳ ಕಾಲ ಮತ್ತು ಮಧ್ಯಯುಗ

ಎರಡನೆಯ ಮತ್ತು ಮೂರನೆಯ ಶತಮಾನಗಳ ಸಂಧಿಯಲ್ಲಿದ್ದ ಲೇಖಕ ತೆರ್ತುಲ್ಲಿಯನ್, ಹವ್ವಳ ಅಪರಾಧವನ್ನು ಸಮಸ್ತ ಸ್ತ್ರೀಯರಿಗೂ ಅನ್ವಯಿಸಿ ಅವರನ್ನು ಸೈತಾನನ ಪ್ರವೇಶದ್ವಾರವೆಂದು ಬಣ್ಣಿಸಿದನು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್, ಅರಿಸ್ಟಾಟಲನ ಜೀವಶಾಸ್ತ್ರವನ್ನು ಅನುಸರಿಸಿ, ಸ್ತ್ರೀಯ ಉತ್ಪತ್ತಿಯಲ್ಲಿ ಒಂದು ಬಗೆಯ ನ್ಯೂನತೆಯನ್ನು ಕಂಡನು. ಆದರೆ ಸ್ತ್ರೀಯು ದೇವರ ಸೃಷ್ಟಿಯೋಜನೆಯ ಭಾಗವೆಂದೂ ಹೇಳಿದನು. ಪತನಕ್ಕೆ ಕಾರಣಳಾದ ಹವ್ವ ಮತ್ತು ನಿಷ್ಕಳಂಕ ಕನ್ಯೆ ಮರಿಯ ಎಂಬ ಎರಡು ಮಾದರಿಗಳ ನಡುವೆ ಸಾಮಾನ್ಯ ಸ್ತ್ರೀಯ ಬದುಕಿಗೆ ಸ್ಥಳವೇ ಉಳಿಯಲಿಲ್ಲವೆಂಬುದು ಸ್ತ್ರೀವಾದಿ ಇತಿಹಾಸಕಾರರ ಟೀಕೆ.

ಇದೇ ಅವಧಿಯಲ್ಲಿ ಕನ್ಯಾಮಠಗಳು ಸ್ತ್ರೀಯರಿಗೆ ಓದುಬರಹ ಮತ್ತು ಆಡಳಿತದ ಅವಕಾಶವನ್ನು ಒದಗಿಸಿದವು. ಜರ್ಮನಿಯ ಹಿಲ್ಡೆಗಾರ್ಡ್ (1098-1179) ದೇವತಾಶಾಸ್ತ್ರ, ಸಂಗೀತ ಮತ್ತು ವೈದ್ಯದ ಬಗ್ಗೆ ಗ್ರಂಥಗಳನ್ನು ರಚಿಸಿದಳು. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಎಂಬ ಸಂತೆ ಯೇಸುವನ್ನು ತಾಯಿಯಾಗಿ ಧ್ಯಾನಿಸಿ ಬರೆದಳು. 1405ರಲ್ಲಿ ಕ್ರಿಸ್ಟೀನ್ ದ ಪಿಜಾನ್ ಎಂಬ ವಿಧವೆ, ಸ್ತ್ರೀನಿಂದೆಯ ಸಾಹಿತ್ಯಕ್ಕೆ ಉತ್ತರವಾಗಿ ಸ್ತ್ರೀಯರ ಕಾಲ್ಪನಿಕ ನಗರವೊಂದನ್ನು ಚಿತ್ರಿಸುವ ಗ್ರಂಥವನ್ನು ಫ್ರೆಂಚ್ ಭಾಷೆಯಲ್ಲಿ ರಚಿಸಿದಳು.

17ರಿಂದ 19ನೆಯ ಶತಮಾನ

ಕ್ವೇಕರ್ ಪಂಥದ ಮಾರ್ಗರೆಟ್ ಫೆಲ್ 1666ರಲ್ಲಿ ಸ್ತ್ರೀಯರು ಸಭೆಯಲ್ಲಿ ಮಾತನಾಡುವುದನ್ನು ಬೈಬಲ್ಲಿನ ಆಧಾರದಿಂದಲೇ ಸಮರ್ಥಿಸುವ ಕಿರುಗ್ರಂಥವನ್ನು ಪ್ರಕಟಿಸಿದಳು. ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಭಾಷಣ ಮಾಡಿದ ಸಾರಾ ಗ್ರಿಮ್ಕೆ, ಸ್ತ್ರೀಯರು ಸಾರ್ವಜನಿಕವಾಗಿ ಮಾತನಾಡುವುದನ್ನು ಧರ್ಮಗುರುಗಳು ಆಕ್ಷೇಪಿಸಿದಾಗ, ಸಮಾನತೆಯನ್ನು ಕುರಿತ ತನ್ನ ಪತ್ರಗಳನ್ನು 1838ರಲ್ಲಿ ಪುಸ್ತಕರೂಪದಲ್ಲಿ ಹೊರತಂದಳು. 1853ರಲ್ಲಿ ಆಂಟೊನೆಟ್ ಬ್ರೌನ್ ನ್ಯೂಯಾರ್ಕ್ ರಾಜ್ಯದ ಒಂದು ಕಾಂಗ್ರಿಗೇಷನಲ್ ಸಭೆಯಲ್ಲಿ ಗುರುದೀಕ್ಷೆ ಪಡೆದಳು. ಜೂಲಿಯಾ ಸ್ಮಿತ್ ಎಂಬಾಕೆ ಸಮಗ್ರ ಬೈಬಲನ್ನು ಸ್ವತಃ ಇಂಗ್ಲಿಷಿಗೆ ಅನುವಾದಿಸಿ 1876ರಲ್ಲಿ ಪ್ರಕಟಿಸಿದಳು.

ಎಲಿಜಬೆತ್ ಕೇಡಿ ಸ್ಟಾಂಟನ್ ಅವರ ನೇತೃತ್ವದಲ್ಲಿ 1895 ಮತ್ತು 1898ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ‘ದಿ ವುಮನ್ಸ್ ಬೈಬಲ್’ ಇನ್ನಷ್ಟು ದೂರ ಸಾಗಿತು. ಅದು ಸ್ತ್ರೀಯರಿಗೆ ಸಂಬಂಧಿಸಿದ ಭಾಗಗಳಿಗೆ ಟಿಪ್ಪಣಿ ಬರೆದು, ಆ ಭಾಗಗಳು ದೇವರ ವಾಣಿಯಲ್ಲ, ಪುರುಷರ ರಚನೆ ಎಂದು ಹೇಳಿತು. ಚಳವಳಿಗೆ ಧಾರ್ಮಿಕ ಬೆಂಬಲ ತಪ್ಪಬಹುದೆಂಬ ಭಯದಿಂದ ಅಮೆರಿಕದ ರಾಷ್ಟ್ರೀಯ ಮಹಿಳಾ ಮತಾಧಿಕಾರ ಸಂಘವು 1896ರಲ್ಲಿ 53-41 ಮತಗಳಿಂದ ಆ ಗ್ರಂಥದಿಂದ ದೂರ ಸರಿಯಿತು.

ಲೈಂಗಿಕ ನೀತಿಯ ಪ್ರಶ್ನೆಯಲ್ಲಿ ಜೋಸೆಫೀನ್ ಬಟ್ಲರ್ ಪ್ರಮುಖರು. ಬ್ರಿಟನ್ನಿನ ಸಾಂಕ್ರಾಮಿಕ ರೋಗಗಳ ಕಾಯಿದೆಗಳು (1864, 1866, 1869) ಸೈನಿಕರನ್ನು ಬಿಟ್ಟು ವೇಶ್ಯೆಯರೆಂದು ಶಂಕಿಸಲಾದ ಸ್ತ್ರೀಯರನ್ನು ಮಾತ್ರ ಬಲವಂತದ ದೇಹಪರೀಕ್ಷೆಗೆ ಒಳಪಡಿಸುತ್ತಿದ್ದವು. ಒಂದೇ ಪಾಪಕ್ಕೆ ಗಂಡಿಗೊಂದು, ಹೆಣ್ಣಿಗೊಂದು ನ್ಯಾಯವಿರಲಾಗದು ಎಂಬ ಕ್ರೈಸ್ತ ನೆಲೆಯಿಂದ ಬಟ್ಲರ್ ನಡೆಸಿದ ಹೋರಾಟದ ಫಲವಾಗಿ 1886ರಲ್ಲಿ ಅವು ರದ್ದಾದವು. ಭಾರತದ ದಂಡುಪ್ರದೇಶಗಳಲ್ಲಿ ಇಂಥ ವ್ಯವಸ್ಥೆ ಮುಂದುವರಿದಿತ್ತು. ಅಮೆರಿಕದ ವೈದ್ಯೆ ಕ್ಯಾಥರೀನ್ ಬುಷ್ನೆಲ್ ಮತ್ತು ಎಲಿಜಬೆತ್ ಆಂಡ್ರ್ಯೂ 1891-92ರಲ್ಲಿ ಇಲ್ಲಿಗೆ ಬಂದು ಅದರ ಬಗ್ಗೆ ಸಾಕ್ಷ್ಯ ಸಂಗ್ರಹಿಸಿದರು. ಬುಷ್ನೆಲ್ ಮುಂದೆ ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ಅಧ್ಯಯನಕ್ಕೆ ತೊಡಗಿದರು. ಸ್ತ್ರೀಯ ಅಧೀನತೆಯನ್ನು ಪೋಷಿಸುವ ಹಲವು ವಾಕ್ಯಗಳು ಪುರುಷ ಅನುವಾದಕರ ಪೂರ್ವಗ್ರಹದ ಫಲವೆಂದು ‘ಗಾಡ್ಸ್ ವರ್ಡ್ ಟು ವಿಮೆನ್’ ಗ್ರಂಥದಲ್ಲಿ ವಾದಿಸಿದರು.

ಪಂಡಿತಾ ರಮಾಬಾಯಿ

ಭಾರತದಲ್ಲಿ ಈ ಧಾರೆಯ ಆದ್ಯರಲ್ಲಿ ಪಂಡಿತಾ ರಮಾಬಾಯಿ (1858-1922) ಒಬ್ಬರು. ಇವರು ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಮರಾಠಿ ಮಾತನಾಡುವ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಕಾರ್ಕಳದ ಸಮೀಪದ ಮಾಳ ಗ್ರಾಮದ ಮೂಲದವರಾದ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಸಮಾಜದ ವಿರೋಧವನ್ನು ಎದುರಿಸಿ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದರು. ರಮಾಬಾಯಿಯ ವಿದ್ಯೆಗೆ ಮನ್ನಣೆಯಾಗಿ ಕಲ್ಕತ್ತದ ವಿದ್ವಾಂಸರು 1878ರಲ್ಲಿ ಅವರಿಗೆ ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದುಗಳನ್ನು ನೀಡಿದರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಆದರೆ ಆಂಗ್ಲಿಕನ್ ಹಿರಿಯರ ಆದೇಶಗಳನ್ನು ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ. ಪುರುಷ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಸ್ತ್ರೀಗೆ ತಕ್ಕದ್ದಲ್ಲವೆಂಬ ಆಕ್ಷೇಪ ಬಂದಾಗ ಪ್ರತಿಭಟಿಸಿದರು. ತಮ್ಮ ಮನಸ್ಸಾಕ್ಷಿಯನ್ನು ಬೇರೊಬ್ಬರ ಅಧೀನಕ್ಕೆ ಒಪ್ಪಿಸಲಾರೆನೆಂಬ ನಿಲುವನ್ನು ಅವರ ಪತ್ರಗಳಲ್ಲಿ ಕಾಣಬಹುದು. 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ವನ್ನು ಆರಂಭಿಸಿ, ಮುಂದೆ ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ‘ಮುಕ್ತಿ’ ಸಂಸ್ಥೆಯನ್ನು ಕಟ್ಟಿದರು. ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಮರಾಠಿಗೆ ತಂದದ್ದು ಅವರ ಕೊನೆಯ ವರ್ಷಗಳ ಸಾಧನೆ. ಹಿಂದೂ ಮತ್ತು ಕ್ರೈಸ್ತ ಎರಡೂ ಪರಂಪರೆಗಳಲ್ಲಿ ಶಾಸ್ತ್ರಾಧಿಕಾರವು ಪುರುಷರದೇ ಆಗಿದ್ದ ಕಾಲದಲ್ಲಿ ಎರಡರಲ್ಲೂ ಪಾಂಡಿತ್ಯ ಗಳಿಸಿದ್ದರಿಂದ ಅವರ ಸ್ಥಾನ ವಿಶಿಷ್ಟವೆನಿಸಿದೆ.

20ನೆಯ ಶತಮಾನದ ಉತ್ತರಾರ್ಧ

ಸ್ತ್ರೀವಾದಿ ದೇವತಾಶಾಸ್ತ್ರವು ಒಂದು ಶೈಕ್ಷಣಿಕ ವಿಭಾಗವಾಗಿ ರೂಪುಗೊಂಡದ್ದು 1960ರ ಬಳಿಕ. ಆ ವರ್ಷ ಪ್ರಕಟವಾದ ವ್ಯಾಲರಿ ಸೈವಿಂಗ್ ಅವರ ಪ್ರಬಂಧವು ಪಾಪದ ಪ್ರಚಲಿತ ವ್ಯಾಖ್ಯೆಯನ್ನೇ ಪ್ರಶ್ನಿಸಿತು. ಅಹಂಕಾರವೇ ಮೂಲಪಾಪ, ಆತ್ಮತ್ಯಾಗವೇ ಪರಿಹಾರ ಎಂಬ ಬೋಧನೆಯು ಪುರುಷಾನುಭವದಿಂದ ಹುಟ್ಟಿದ್ದು. ತನ್ನತನವನ್ನೇ ಕಳೆದುಕೊಳ್ಳುವುದು ಅನೇಕ ಸ್ತ್ರೀಯರ ಪಾಲಿನ ಪ್ರಲೋಭನೆಯಾಗಿರುವಾಗ ಇನ್ನಷ್ಟು ತ್ಯಾಗದ ಉಪದೇಶ ಅವರಿಗೆ ಔಷಧವಾಗಲಾರದು ಎಂದು ಅವರು ಬರೆದರು.

ಮೇರಿ ಡೇಲಿ ‘ದಿ ಚರ್ಚ್ ಅಂಡ್ ದಿ ಸೆಕೆಂಡ್ ಸೆಕ್ಸ್’ (1968) ಕೃತಿಯಲ್ಲಿ ಸುಧಾರಣೆಯನ್ನು ಬಯಸಿದರು. ‘ಬಿಯಾಂಡ್ ಗಾಡ್ ದಿ ಫಾದರ್’ (1973) ಹೊತ್ತಿಗೆ ಕ್ರೈಸ್ತ ಧರ್ಮವೇ ಪುರುಷಪ್ರಧಾನವೆಂದು ಅದರಿಂದ ಹೊರನಡೆದಿದ್ದರು. ಧರ್ಮದೊಳಗೇ ಉಳಿದು ಮರುನಿರ್ಮಾಣಕ್ಕೆ ಯತ್ನಿಸಿದವರಲ್ಲಿ ರೋಸ್ಮೆರಿ ರಾಡ್‌ಫೋರ್ಡ್ ರೂಥರ್ ಮತ್ತು ಎಲಿಜಬೆತ್ ಶೂಸ್ಲರ್ ಫಿಯೊರೆಂಜಾ ಮುಖ್ಯರು. 1983ರಲ್ಲಿ ಪ್ರಕಟವಾದ ರೂಥರ್ ಅವರ ‘ಸೆಕ್ಸಿಸಂ ಅಂಡ್ ಗಾಡ್-ಟಾಕ್’, ಸ್ತ್ರೀಯ ಪೂರ್ಣ ಮಾನವತ್ವವನ್ನು ಪೋಷಿಸುತ್ತದೆಯೇ ಎಂಬುದನ್ನು ಧಾರ್ಮಿಕ ಬೋಧನೆಯ ಒರೆಗಲ್ಲಾಗಿ ಇಟ್ಟಿತು. ಅದೇ ವರ್ಷದ ಫಿಯೊರೆಂಜಾ ಅವರ ‘ಇನ್ ಮೆಮೊರಿ ಆಫ್ ಹರ್’, ಪಠ್ಯಗಳ ಮೌನವನ್ನೂ ಸಾಕ್ಷ್ಯವಾಗಿ ಓದಿ ಆದಿಸಭೆಯಲ್ಲಿ ಸ್ತ್ರೀಯರ ಪಾತ್ರವನ್ನು ಪುನಾರಚಿಸಲು ಯತ್ನಿಸಿತು.

ಪ್ರಮುಖ ನಿಲುವುಗಳು

ಇಂದಿನ ಚರ್ಚೆಯಲ್ಲಿ ಸ್ಥೂಲವಾಗಿ ನಾಲ್ಕು ನಿಲುವುಗಳನ್ನು ಗುರುತಿಸಬಹುದು.

ಪೂರಕತಾವಾದ: ಸ್ತ್ರೀಪುರುಷರು ಘನತೆಯಲ್ಲಿ ಸಮಾನರು, ಕರ್ತವ್ಯಗಳಲ್ಲಿ ಭಿನ್ನರು, ಕುಟುಂಬ ಮತ್ತು ಸಭೆಯ ನಾಯಕತ್ವ ಪುರುಷನದು ಎಂಬ ನಿಲುವು. 1987ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಡ್ಯಾನ್ವರ್ಸ್ ಹೇಳಿಕೆ ಇದರ ಪ್ರಾತಿನಿಧಿಕ ದಸ್ತಾವೇಜು. ಜಾನ್ ಪೈಪರ್ ಮತ್ತು ವೇಯ್ನ್ ಗ್ರೂಡೆಮ್ ಇದರ ಪ್ರಮುಖ ಪ್ರತಿಪಾದಕರು.

ಬೈಬಲ್ ಆಧಾರಿತ ಸಮಾನತಾವಾದ: ಬೈಬಲ್ಲಿನ ಪೂರ್ಣ ಅಧಿಕಾರವನ್ನು ಒಪ್ಪಿ, ಅದರ ಸರಿಯಾದ ವ್ಯಾಖ್ಯಾನವು ಸೇವೆ ಮತ್ತು ನಾಯಕತ್ವದಲ್ಲಿಯೂ ಸಮಾನತೆಯನ್ನೇ ಬೋಧಿಸುತ್ತದೆ ಎನ್ನುವ ನಿಲುವು.

ಕ್ಯಾಥೊಲಿಕ್ ಬೋಧನೆ: ಪೋಪ್ ಎರಡನೆಯ ಜಾನ್ ಪಾಲ್ ಅವರ ‘ಮುಲಿಯೆರಿಸ್ ಡಿಗ್ನಿಟಾಟೆಂ’ (1988) ಸ್ತ್ರೀಯ ಘನತೆಯನ್ನೂ ವಿಶಿಷ್ಟ ಕರೆಯನ್ನೂ ವಿವರಿಸಿತು, ಪತಿಪತ್ನಿಯರ ಅಧೀನತೆ ಪರಸ್ಪರವಾದದ್ದು ಎಂದಿತು. ಇದರ ಜೊತೆಗೆ ಮಾತೃತ್ವ ಮತ್ತು ಕನ್ಯತ್ವಗಳನ್ನು ಸ್ತ್ರೀತ್ವದ ಎರಡು ಆಯಾಮಗಳೆಂದು ಎತ್ತಿಹಿಡಿಯಿತು. ಜೈವಿಕ ಸ್ವಭಾವದಿಂದ ಸಾಮಾಜಿಕ ಪಾತ್ರವನ್ನು ನಿರ್ಧರಿಸುವ ಕ್ರಮವಿದು ಎಂದು ಹಲವು ಸ್ತ್ರೀವಾದಿಗಳು ಆಕ್ಷೇಪಿಸಿದ್ದಾರೆ.

ವಿಮೋಚನಾವಾದಿ ಮತ್ತು ಉತ್ತರ-ಕ್ರೈಸ್ತ ಸ್ತ್ರೀವಾದ: ಮೊದಲನೆಯದು ದಬ್ಬಾಳಿಕೆಯನ್ನು ಪೋಷಿಸುವ ಪಠ್ಯಗಳಿಗೆ ಅಧಿಕಾರವನ್ನು ನಿರಾಕರಿಸಿ ಧರ್ಮದೊಳಗೆ ಉಳಿಯುತ್ತದೆ, ಎರಡನೆಯದು ಧರ್ಮವನ್ನೇ ತೊರೆಯುತ್ತದೆ.

ಗುರುದೀಕ್ಷೆಯ ಪ್ರಶ್ನೆ

ಆಂಗ್ಲಿಕನ್ ಪರಂಪರೆಯಲ್ಲಿ ಗುರುದೀಕ್ಷೆ ಪಡೆದ ಮೊದಲ ಸ್ತ್ರೀ ಫ್ಲಾರೆನ್ಸ್ ಲಿ ಟಿಮ್-ಒಯಿ. ಯುದ್ಧಕಾಲದಲ್ಲಿ ಮಕಾವುವಿನ ಸಭೆಗೆ ಗುರುಗಳಿಲ್ಲದ ಸಂದರ್ಭದಲ್ಲಿ, 1944ರಲ್ಲಿ ಬಿಷಪ್ ರೊನಾಲ್ಡ್ ಹಾಲ್ ಆಕೆಗೆ ದೀಕ್ಷೆ ನೀಡಿದರು. ಯುದ್ಧಾನಂತರ ವಿವಾದವೆದ್ದು ಆಕೆ ಗುರುವಾಗಿ ಕಾರ್ಯನಿರ್ವಹಿಸುವ ಅನುಮತಿಯನ್ನು ಬಿಟ್ಟುಕೊಡಬೇಕಾಯಿತು. ಇಂಗ್ಲೆಂಡಿನ ಸಭೆಯಲ್ಲಿ 1994ರಲ್ಲಿ ಬ್ರಿಸ್ಟಲ್ ಕ್ಯಾಥೆಡ್ರಲ್‌ನಲ್ಲಿ 32 ಸ್ತ್ರೀಯರು ಮೊದಲ ಬಾರಿಗೆ ಗುರುದೀಕ್ಷೆ ಪಡೆದರು. 2015ರಲ್ಲಿ ಲಿಬ್ಬಿ ಲೇನ್ ಅದರ ಪ್ರಥಮ ಮಹಿಳಾ ಬಿಷಪ್ ಆದರು. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯಲ್ಲಿ ಪುಷ್ಪ ಲಲಿತಾ ಅವರು 2013ರಲ್ಲಿ ಆಂಧ್ರದ ನಂದ್ಯಾಲ ಧರ್ಮಪ್ರಾಂತ್ಯದ ಬಿಷಪ್ ಆಗಿ ಆ ಸಭೆಯ ಮೊದಲ ಮಹಿಳಾ ಬಿಷಪ್ ಎನಿಸಿದರು.

ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳು ಸ್ತ್ರೀಯರಿಗೆ ಯಾಜಕದೀಕ್ಷೆಯನ್ನು ನೀಡುವುದಿಲ್ಲ. ಕ್ರಿಸ್ತನು ಪುರುಷರನ್ನು ಮಾತ್ರ ಹನ್ನೆರಡು ಅಪೊಸ್ತಲರಾಗಿ ಆರಿಸಿದ್ದು ಮತ್ತು ನಿರಂತರ ಸಂಪ್ರದಾಯ ಇದಕ್ಕೆ ಕೊಡುವ ಕಾರಣಗಳು. 1994ರ ‘ಒರ್ಡಿನಾಷಿಯೊ ಸಾಸೆರ್ಡೊಟಾಲಿಸ್’ ಪತ್ರವು ಇದನ್ನು ಬದಲಿಸುವ ಅಧಿಕಾರ ಧರ್ಮಸಭೆಗೇ ಇಲ್ಲವೆಂದು ಘೋಷಿಸಿತು. ಆದರೂ ಕೆಲವು ಬದಲಾವಣೆಗಳಾಗಿವೆ: 1970ರಲ್ಲಿ ಆವಿಲಾದ ತೆರೇಸಾ ಮತ್ತು ಸಿಯೆನಾದ ಕ್ಯಾಥರೀನ್ ಅವರಿಗೆ ಧರ್ಮಸಭೆಯ ಪಂಡಿತೆಯರೆಂಬ ಗೌರವ ದೊರೆಯಿತು, 2021ರಲ್ಲಿ ವಾಚಕ ಮತ್ತು ಪೀಠಸೇವಕ ಸೇವೆಗಳು ಸ್ತ್ರೀಯರಿಗೂ ವಿಧ್ಯುಕ್ತವಾಗಿ ತೆರೆದವು, 2023ರ ಸಿನೊಡ್ ಸಭೆಯಲ್ಲಿ ಸ್ತ್ರೀಯರು ಮತ ಚಲಾಯಿಸಿದರು.

ಲೈಂಗಿಕತೆ, ವಿವಾಹ ಮತ್ತು ದೇಹ

ಆದಿಸಭೆಯ ಕಾಲದಿಂದಲೂ ಬ್ರಹ್ಮಚರ್ಯಕ್ಕೆ ಉನ್ನತ ಸ್ಥಾನವಿದ್ದರೆ, ಪ್ರೊಟೆಸ್ಟಂಟ್ ಸುಧಾರಣೆಯು ವಿವಾಹಜೀವನವನ್ನು ಎತ್ತಿಹಿಡಿಯಿತು. ಇದರ ಪರಿಣಾಮ ಎರಡು ಬಗೆಯದು. ಗೃಹಿಣಿಯ ಬದುಕಿಗೆ ಧಾರ್ಮಿಕ ಗೌರವ ದೊರೆಯಿತು. ಆದರೆ ಪ್ರೊಟೆಸ್ಟಂಟ್ ಪ್ರದೇಶಗಳಲ್ಲಿ ಕನ್ಯಾಮಠಗಳು ಮುಚ್ಚಿದ್ದರಿಂದ ವಿವಾಹದ ಹೊರಗೆ ಸ್ತ್ರೀಗಿದ್ದ ಒಂದು ಮಾನ್ಯ ಜೀವನಮಾರ್ಗ ಇಲ್ಲವಾಯಿತು.

ಗರ್ಭನಿರೋಧದ ವಿಷಯದಲ್ಲಿ 1930ರ ಆಂಗ್ಲಿಕನ್ ಲ್ಯಾಂಬೆತ್ ಸಮ್ಮೇಳನವು ಮಿತ ಸಂದರ್ಭಗಳಲ್ಲಿ ಅನುಮತಿ ನೀಡಿತು. ಕ್ಯಾಥೊಲಿಕ್ ಧರ್ಮಸಭೆಯು 1968ರ ‘ಹುಮಾನೆ ವೀಟೆ’ ವಿಶ್ವಪತ್ರದಲ್ಲಿ ಕೃತಕ ವಿಧಾನಗಳ ನಿಷೇಧವನ್ನು ಮುಂದುವರಿಸಿತು. ಗರ್ಭಪಾತದ ಬಗ್ಗೆ ಕ್ರೈಸ್ತ ಸ್ತ್ರೀವಾದಿಗಳಲ್ಲಿಯೇ ಒಡಕಿದೆ. ಸ್ತ್ರೀಯ ನೈತಿಕ ಸ್ವನಿರ್ಣಯವನ್ನು ಒಂದು ಪಕ್ಷ ಮುಂದಿಟ್ಟರೆ, ಗರ್ಭಸ್ಥ ಜೀವದ ರಕ್ಷಣೆಯೂ ಸ್ತ್ರೀವಾದಿ ಕಾಳಜಿಯೇ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಸಲಿಂಗ ಸಂಬಂಧಗಳ ವಿಷಯದಲ್ಲಿಯೂ ಸಭೆಗಳು ಭಿನ್ನ ಹಾದಿ ಹಿಡಿದಿವೆ. ಸ್ವೀಡನ್ನಿನ ಲೂಥರನ್ ಸಭೆಯು 2009ರಿಂದ ಸಲಿಂಗ ವಿವಾಹವನ್ನು ನೆರವೇರಿಸುತ್ತಿದೆ. ಕ್ಯಾಥೊಲಿಕ್ ಧರ್ಮಸಭೆಯು ವಿವಾಹವು ಸ್ತ್ರೀಪುರುಷರ ನಡುವಿನದೇ ಎಂಬ ಬೋಧನೆಯನ್ನು ಉಳಿಸಿಕೊಂಡು, 2023ರ ಡಿಸೆಂಬರ್‌ನಲ್ಲಿ ಅಂಥ ಜೋಡಿಗಳಿಗೆ ವಿಧ್ಯುಕ್ತವಲ್ಲದ ಆಶೀರ್ವಾದಕ್ಕೆ ಅವಕಾಶ ನೀಡಿತು.

ಕೌಟುಂಬಿಕ ಹಿಂಸೆ ಈ ಚರ್ಚೆಯ ಅತ್ಯಂತ ಗಂಭೀರ ಅಂಶ. ಪತ್ನಿಯ ಅಧೀನತೆಯ ವಾಕ್ಯಗಳು ಮತ್ತು ಶಿಲುಬೆಯ ಸಹನೆಯ ಮಾದರಿಯನ್ನು ಮುಂದಿಟ್ಟು, ಹಿಂಸೆಗೊಳಗಾದ ಸ್ತ್ರೀಗೆ ಸಹಿಸಿಕೊಳ್ಳುವಂತೆ ಉಪದೇಶಿಸುವುದನ್ನು ಸ್ತ್ರೀವಾದಿಗಳು ಖಂಡಿಸಿದ್ದಾರೆ. ಪೂರಕತಾವಾದಿಗಳೂ ಹಿಂಸೆಯನ್ನು ಅಧಿಕಾರದ ಪಾಪಮಯ ದುರುಪಯೋಗವೆಂದು ಖಂಡಿಸುತ್ತಾರೆ. ಅಸಮಾನ ಅಧಿಕಾರವೇ ದುರುಪಯೋಗಕ್ಕೆ ದಾರಿಯಾಗುತ್ತದೆಯೇ ಎಂಬಲ್ಲಿ ಉಭಯರ ಭಿನ್ನಮತವಿದೆ. ಚರ್ಚ್‌ಗಳ ಜಾಗತಿಕ ಒಕ್ಕೂಟವು 1988ರಿಂದ 1998ರವರೆಗೆ ಸ್ತ್ರೀಯರೊಂದಿಗೆ ಸಭೆಗಳ ಐಕಮತ್ಯದ ದಶಕವನ್ನು ಆಚರಿಸಿತು. ಭಾರತದ ದೇವತಾಶಾಸ್ತ್ರಜ್ಞೆ ಅರುಣಾ ಜ್ಞಾನದಾಸನ್ ಅವರು ಸಭೆ ಮತ್ತು ಸ್ತ್ರೀಯರ ಮೇಲಿನ ಹಿಂಸೆಯನ್ನು ಕುರಿತು ಬರೆದ ಕೃತಿ ಇದೇ ಅವಧಿಯದು.

ದೇವರನ್ನು ಕುರಿತ ಭಾಷೆ

ದೇವರಿಗೆ ಲಿಂಗವಿಲ್ಲವೆಂದು ಕ್ರೈಸ್ತ ಬೋಧನೆ ಹೇಳುತ್ತದೆ. ಆದರೆ ಪ್ರಾರ್ಥನೆಯ ಭಾಷೆಯಲ್ಲಿ ತಂದೆ, ಅರಸ, ಒಡೆಯ ಎಂಬ ಪುಲ್ಲಿಂಗ ರೂಪಕಗಳೇ ಪ್ರಧಾನ. ಬೈಬಲ್ಲಿನಲ್ಲಿ ದೇವರನ್ನು ಹೆತ್ತ ತಾಯಿಗೆ, ಮಗುವನ್ನು ಸಂತೈಸುವವಳಿಗೆ ಹೋಲಿಸುವ ಭಾಗಗಳೂ ಇವೆ. ಆತ್ಮ ಎಂಬರ್ಥದ ಪದವು ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕಲಿಂಗ, ಲ್ಯಾಟಿನ್ನಿನಲ್ಲಿ ಪುಲ್ಲಿಂಗ. ಎಲಿಜಬೆತ್ ಜಾನ್ಸನ್ ‘ಶಿ ಹೂ ಈಸ್’ (1992) ಗ್ರಂಥದಲ್ಲಿ ಸ್ತ್ರೀರೂಪಕಗಳಿಗೂ ಸಮಾನ ಸ್ಥಾನ ಸಲ್ಲಬೇಕೆಂದು ವಾದಿಸಿದ್ದಾರೆ. ‘ತಂದೆ’ ಎಂಬುದು ಯೇಸುವೇ ಬಳಸಿದ ಸಂಬೋಧನೆಯಾದ್ದರಿಂದ ಬದಲಿಸುವಂತಿಲ್ಲವೆಂಬುದು ವಿರೋಧಿಗಳ ನಿಲುವು.

ಕನ್ನಡದಲ್ಲಿ ಈ ಪ್ರಶ್ನೆ ವ್ಯಾಕರಣದ ಮೂಲಕ ಎದುರಾಗುತ್ತದೆ. ‘ದೇವರು’ ಎಂಬುದು ಗೌರವಸೂಚಕ ಬಹುವಚನ ರೂಪ. ಅದರೊಡನೆ ಬರುವ ‘-ಅರು’ ಪ್ರತ್ಯಯದ ಕ್ರಿಯಾಪದವು ಸ್ತ್ರೀಪುರುಷರಿಬ್ಬರಿಗೂ ಸಮಾನ. ಆದರೆ ಹಳೆಯ ಕನ್ನಡ ಬೈಬಲ್ ಅನುವಾದವು ‘ದೇವರು’ ಪದದೊಂದಿಗೆ ‘-ಅನು’ ಎಂದು ಕೊನೆಗೊಳ್ಳುವ ಪುಲ್ಲಿಂಗ ಏಕವಚನ ಕ್ರಿಯಾಪದಗಳನ್ನು ಬಳಸಿತು. ಈಚಿನ ಸರಳ ಭಾಷೆಯ ಅನುವಾದದಲ್ಲಿ ಗೌರವಸೂಚಕ ಕ್ರಿಯಾರೂಪಗಳಿವೆ. ಗೌರವಕ್ಕಾಗಿ ಮಾಡುವ ಇಂಥ ಬದಲಾವಣೆಯು ಇಂಗ್ಲಿಷಿನಲ್ಲಿ ಸಾಧ್ಯವಾಗದ ಲಿಂಗತಟಸ್ಥತೆಯನ್ನೂ ತರುತ್ತದೆ.

ಜನಾಂಗ, ವರ್ಗ ಮತ್ತು ಜಾತಿಯ ಆಯಾಮ

ಆರಂಭಿಕ ಸ್ತ್ರೀವಾದಿ ದೇವತಾಶಾಸ್ತ್ರವು ಬಿಳಿಯ, ಮಧ್ಯಮವರ್ಗದ ಸ್ತ್ರೀಯರ ಅನುಭವವನ್ನೇ ಸಾರ್ವತ್ರಿಕವೆಂದು ಭಾವಿಸಿತೆಂಬ ಟೀಕೆ ಬಂದಿತು. ಆಫ್ರಿಕನ್-ಅಮೆರಿಕನ್ ಸ್ತ್ರೀಯರು, ಲೇಖಕಿ ಆಲಿಸ್ ವಾಕರ್ ರೂಢಿಗೆ ತಂದ ‘ವುಮನಿಸ್ಟ್’ ಎಂಬ ಪದವನ್ನು ಸ್ವೀಕರಿಸಿ ತಮ್ಮದೇ ಧಾರೆಯನ್ನು ಬೆಳೆಸಿದರು. ಡೆಲೊರೆಸ್ ವಿಲಿಯಮ್ಸ್ ಅವರ ‘ಸಿಸ್ಟರ್ಸ್ ಇನ್ ದಿ ವೈಲ್ಡರ್‌ನೆಸ್’ (1993), ಅಬ್ರಹಾಮನ ಮನೆಯಿಂದ ಮಗನೊಂದಿಗೆ ಹೊರಹಾಕಲ್ಪಟ್ಟ ದಾಸಿ ಹಾಗರಳ ಕಥೆಯನ್ನು ಕೇಂದ್ರವಾಗಿಟ್ಟುಕೊಂಡಿತು. ಇಲ್ಲಿ ಹಾಗರಳನ್ನು ಪೀಡಿಸುವವಳು ಸಾರಾ ಎಂಬ ಇನ್ನೊಬ್ಬ ಸ್ತ್ರೀ ಎಂಬುದು ಗಮನಾರ್ಹ. ಘಾನಾ ದೇಶದ ಮರ್ಸಿ ಅಂಬಾ ಒಡುಯೊಯೆ 1989ರಲ್ಲಿ ಆಫ್ರಿಕಾದ ದೇವತಾಶಾಸ್ತ್ರಜ್ಞೆಯರ ಬಳಗವನ್ನು ಕಟ್ಟಿದರು. ಭಾರತದಲ್ಲಿ ದಲಿತ ಕ್ರೈಸ್ತ ಸ್ತ್ರೀಯರು ಜಾತಿ, ವರ್ಗ ಮತ್ತು ಲಿಂಗತ್ವದ ತ್ರಿವಿಧ ಶೋಷಣೆಯನ್ನು ಒಟ್ಟಿಗೇ ನೋಡಬೇಕೆಂದು ಪ್ರತಿಪಾದಿಸಿದ್ದಾರೆ.

ಭಾರತದಲ್ಲಿ ಶಿಕ್ಷಣ ಮತ್ತು ಕಾನೂನು

ಕರ್ನಾಟಕದಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಯಿತು. ಅಪೋಸ್ತಲಿಕ ಕಾರ್ಮೆಲ್ ಕನ್ಯಾಸ್ತ್ರೀಯರ ಸಂಸ್ಥೆಯು 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ಸ್ಥಾಪಿಸಿತು. ಇಂಥ ಸಂಸ್ಥೆಗಳು ಸ್ತ್ರೀಶಿಕ್ಷಣವನ್ನು ಹರಡಿದವೆಂಬುದು ಒಂದು ಮೌಲ್ಯಮಾಪನ. ಆದರ್ಶ ಗೃಹಿಣಿಯ ಐರೋಪ್ಯ ಮಾದರಿಯನ್ನೂ ಅವು ಕಲಿಸಿದವೆಂಬುದು ಸ್ತ್ರೀವಾದಿ ಇತಿಹಾಸಕಾರರ ವಿಮರ್ಶೆ.

ಭಾರತೀಯ ಕ್ರೈಸ್ತ ಸ್ತ್ರೀಯರ ಬದುಕಿನ ಮೇಲೆ ವೈಯಕ್ತಿಕ ಕಾನೂನುಗಳ ಪ್ರಭಾವ ನೇರವಾದದ್ದು. 1869ರ ಭಾರತೀಯ ವಿಚ್ಛೇದನ ಕಾಯಿದೆಯಂತೆ ಪತ್ನಿಯ ವ್ಯಭಿಚಾರವೊಂದೇ ಪತಿಗೆ ವಿಚ್ಛೇದನಕ್ಕೆ ಸಾಕಾಗಿತ್ತು. ಪತ್ನಿಯಾದರೆ ಪತಿಯ ವ್ಯಭಿಚಾರದ ಜೊತೆಗೆ ಕ್ರೌರ್ಯ ಅಥವಾ ಪರಿತ್ಯಾಗದಂಥ ಇನ್ನೊಂದು ಅಪರಾಧವನ್ನೂ ಸಾಮಾನ್ಯವಾಗಿ ಸಾಬೀತುಪಡಿಸಬೇಕಿತ್ತು. ಈ ಅಸಮಾನತೆ ನಿವಾರಣೆಯಾದದ್ದು 2001ರ ತಿದ್ದುಪಡಿಯಿಂದ.

ಆಸ್ತಿಹಕ್ಕಿನ ವಿಷಯದಲ್ಲಿ ಮೇರಿ ರಾಯ್ ಪ್ರಕರಣ ಮಹತ್ವದ್ದು. ತಿರುವಾಂಕೂರಿನ ಕ್ರೈಸ್ತ ಉತ್ತರಾಧಿಕಾರ ಕಾನೂನಿನಂತೆ ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳಿಗೆ ಸಲ್ಲುತ್ತಿದ್ದುದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು ಮಾತ್ರ. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾನೂನು 1951ರಲ್ಲಿಯೇ ಅನೂರ್ಜಿತವಾಗಿದೆಯೆಂದೂ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಮಗಳಿಗೂ ಸಮಪಾಲಿದೆಯೆಂದೂ ತೀರ್ಪಿತ್ತಿತು. 2010ರಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿಯು ಧರ್ಮಸಭೆಗಾಗಿ ಲಿಂಗತ್ವ ನೀತಿಯೊಂದನ್ನು ಪ್ರಕಟಿಸಿತು.

ವಿಮರ್ಶೆ

ಕ್ರೈಸ್ತ ಸ್ತ್ರೀವಾದವು ಎರಡು ದಿಕ್ಕುಗಳಿಂದ ಟೀಕೆಯನ್ನು ಎದುರಿಸಿದೆ. ಸಮಕಾಲೀನ ಸಾಮಾಜಿಕ ಮೌಲ್ಯಗಳನ್ನು ಧರ್ಮಗ್ರಂಥದ ಮೇಲೆ ಹೇರಿ, ಒಪ್ಪಿಗೆಯಾಗದ ವಾಕ್ಯಗಳನ್ನು ಬದಿಗಿರಿಸುತ್ತದೆ ಎಂಬುದು ಸಂಪ್ರದಾಯವಾದಿಗಳ ಆಕ್ಷೇಪ. ಪುರುಷಪ್ರಧಾನ ಸಮಾಜಗಳಲ್ಲಿ ಹುಟ್ಟಿದ ಗ್ರಂಥದಿಂದ ಸಮಾನತೆಯನ್ನು ಹೊರತೆಗೆಯುವುದು ವ್ಯರ್ಥ ಶ್ರಮವೆಂಬುದು ಧರ್ಮವನ್ನು ತೊರೆದ ಸ್ತ್ರೀವಾದಿಗಳ ಆಕ್ಷೇಪ. ಜೊತೆಗೆ, ಯೇಸುವಿನ ಸ್ತ್ರೀಪರ ನಡೆಯನ್ನು ಎತ್ತಿತೋರಿಸಲು ಅವನ ಕಾಲದ ಯೆಹೂದ್ಯ ಸಮಾಜವನ್ನು ಅತಿಯಾಗಿ ಕರಾಳವೆಂದು ಚಿತ್ರಿಸುವ ಪ್ರವೃತ್ತಿಯನ್ನು ಯೆಹೂದಿ ಸ್ತ್ರೀವಾದಿ ವಿದ್ವಾಂಸರು ಟೀಕಿಸಿದ್ದಾರೆ.

ಇವಕ್ಕೆ ಉತ್ತರವಾಗಿ ಕ್ರೈಸ್ತ ಸ್ತ್ರೀವಾದಿಗಳು, ಪ್ರತಿಯೊಂದು ಕಾಲದ ಓದೂ ಆ ಕಾಲದ ಮೌಲ್ಯಗಳಿಂದ ಪ್ರಭಾವಿತವಾಗಿಯೇ ಇದ್ದಿತೆಂಬುದನ್ನು ತೋರಿಸುತ್ತಾರೆ. ಗುಲಾಮಗಿರಿಯನ್ನು ಒಂದು ಕಾಲದಲ್ಲಿ ಬೈಬಲ್ಲಿನ ವಾಕ್ಯಗಳಿಂದಲೇ ಸಮರ್ಥಿಸಲಾಗಿತ್ತು. ಅದೇ ಗ್ರಂಥದ ಬೇರೊಂದು ಓದು ಅದರ ನಿರ್ಮೂಲನಕ್ಕೂ ಬಳಕೆಯಾಯಿತು. ಸ್ತ್ರೀಯರ ವಿಷಯದಲ್ಲಿ ಈ ಹೋಲಿಕೆ ಸಲ್ಲುತ್ತದೆಯೇ ಎಂಬುದರ ಬಗ್ಗೆ ಸಭೆಗಳಲ್ಲಿ ಇಂದಿಗೂ ಒಮ್ಮತ ಮೂಡಿಲ್ಲ.